ಬೆಳಗ್ಗೆ ಹೋಗಿದ್ದರೂ ಮುಚ್ಚಿದ್ದ ಕರುಳು

ಅಂದು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಅತ್ತೆಯ ಮಂಡಿ ತಿಕ್ಕಿದೆ, ಹುರುಳಿಕಾಳು ಬೇಯಲಿಟ್ಟೆ, ಯಜಮಾನರಿಗೆ ಹರಳೆಣ್ಣೆ ಕುಡಿಸಿದೆ. ಕೊನೆಯದೊಂದನ್ನು ಮಾಡಬಾರದಿತ್ತು.

ಹಿಂದಿನ ಸಂಜೆಯಿಂದ ಅವರ ಹೊಟ್ಟೆ ಹಿಂಡಿ ಹಿಂಡಿ ಬಿಡುತ್ತಿತ್ತು. ನೋವು ಬಂದರೆ ಮನೆಯ ಕರೆಂಟ್ ಮಗ್ಗ ನಿಲ್ಲಿಸಿ ಬಗ್ಗುವರು, ಬಿಟ್ಟರೆ ಮತ್ತೆ ಸ್ವಿಚ್ ಹಾಕುವರು. “ಹೊಟ್ಟೆ ಕಟ್ಕೊಂಡೈತೆ ಕಣಮ್ಮಾ, ಹರಳೆಣ್ಣೆ ಕೊಡು. ಎಲ್ಲಾ ಜಾಡಿಸ್ಕೊಂಡು ಹೋಗ್ತದೆ” ಎಂದರು ಅತ್ತೆ ಬೆಳಗ್ಗೆ. ಕೊಟ್ಟೆ. ಅರ್ಧ ಗಂಟೆಗೆಲ್ಲ ಹಸಿರು ವಾಂತಿ. ಹೊಟ್ಟೆ ಬಿಗಿದು ಉಬ್ಬಿತು. ಆಟೋ ಹಿಡಿದು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಹೊಟ್ಟೆಯ ಸದ್ದು ಕೇಳಿದರು. ಹಿಂದೆಂದೋ ಆಗಿದ್ದ ಅಪೆಂಡಿಕ್ಸ್ ಆಪರೇಷನ್ನಿನ ಗುರುತು ಮುಟ್ಟಿ ನೋಡಿದರು. ಇವರನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಕರುಳಿನ ಸುತ್ತುಸುತ್ತಿನಲ್ಲೂ ಮೇಲೆ ಗಾಳಿ, ಕೆಳಗೆ ನೀರು ನಿಂತು ಮೆಟ್ಟಿಲಿನಂತೆ ಕಾಣುತ್ತಿತ್ತು.

“ಸಣ್ಣ ಕರುಳು ಮುಚ್ಕೊಂಡಿದೆ.”

“ಬೆಳಗ್ಗೆ ಸ್ವಲ್ಪ ಕಕ್ಕಸಿಗೆ ಹೋಗಿದ್ದಾರಲ್ಲ ಮೇಡಂ! ಮುಚ್ಚಿದ್ರೆ ಹೆಂಗೆ ಹೋಗ್ತಾರೆ?” ಎಂದೆ.

“ಅದು ಮುಚ್ಚಿರೋ ಜಾಗದಿಂದ ಕೆಳಗೆ ಮೊದಲೇ ಇದ್ದದ್ದಮ್ಮಾ. ಮೇಲಿಂದು ಇಳೀತಿಲ್ಲ. ಗಾಳಿ ಹೋಯ್ತೇನ್ರೀ ನಿಮಗೆ?”

“ಅದನ್ನೆಲ್ಲ ಯಾರು ನೆನಪಿಟ್ಕೋತಾರೆ ಮೇಡಂ” ಎಂದರು ಇವರು, ಹೊಟ್ಟೆ ಹಿಡಿದುಕೊಂಡೇ.

ಆಪರೇಷನ್ ಆದವರಿಗೆ ಒಳಗೆ ನಾರಿನಂಥದ್ದು ಬೆಳೆಯುತ್ತದಂತೆ. ಅದಕ್ಕೆ ಕರುಳು ಸಿಕ್ಕಿಕೊಂಡಿರಬಹುದಂತೆ. ಹರಳೆಣ್ಣೆಯ ವಿಷಯವನ್ನು ತಲೆ ತಗ್ಗಿಸಿ ಹೇಳಿದೆ. ಇವರು ನನ್ನತ್ತ ತಿರುಗಿದರು: “ಎಳೆ ಸಿಕ್ಕಾದಾಗ ಮೋಟ್ರು ಆಫ್ ಮಾಡ್ತಾರೆ ಕಣೇ. ನೀನು ಜೋರಾಗಿ ಓಡಿಸ್ಬಿಟ್ಟೆ.”

ಮೂವತ್ತು ವರ್ಷ ಮಗ್ಗದ ಮನೆಯಲ್ಲಿದ್ದೂ ನನಗದು ಹೊಳೆದಿರಲಿಲ್ಲ.

“ವಾಂತಿಯಲ್ಲಿ ಎಣ್ಣೆ ಬಹುಪಾಲು ಹೋಗಿರುತ್ತೆ” ಎಂದು ಡಾಕ್ಟರಮ್ಮ ಸ್ಕ್ಯಾನಿಗೆ ಕಳಿಸಿದರು. ಕರುಳಿಗೆ ರಕ್ತ ಹೋಗುವುದು ನಿಂತಿದ್ದರೆ ಈಗಲೇ ಹೊಟ್ಟೆ ಕೊಯ್ಯಬೇಕು, ಇಲ್ಲವಾದರೆ ಕಾಯಬಹುದು. ಬೆಂಚಿನ ಮೇಲೆ ಕೂತು ಯಾವ ದೇವರಿಗೆ ಏನು ಕೇಳಿಕೊಳ್ಳಬೇಕೆಂದೇ ತಿಳಿಯಲಿಲ್ಲ. ರಕ್ತ ಹರಿಯಲಿ ಎಂದು ಯಾರಾದರೂ ಬೇಡುತ್ತಾರೆಯೇ?

ಹರಿಯುತ್ತಿತ್ತು. “ಇವತ್ತು ಆಪರೇಷನ್ ಬೇಡ. ಎರಡು ದಿನ ನೋಡೋಣ” ಎಂದರು.

ಮೂಗಿನಿಂದ ಇಳಿಸಿದ ಕೊಳವೆಯಲ್ಲಿ ಹಸಿರು ನೀರು ಚೀಲಕ್ಕೆ ಬೀಳತೊಡಗಿತು. ಹೊಟ್ಟೆ ಸ್ವಲ್ಪ ಸಡಿಲಾಯಿತು. ಬಾಯಿಗೆ ತೊಟ್ಟು ನೀರೂ ಕೊಡಬೇಡಿ, ಅದೇ ಚಿಕಿತ್ಸೆ ಎಂದರು ನರ್ಸ್. ಕಾಯಿಲೆಯವರಿಗೆ ಗಂಜಿಯಾದರೂ ಕುಡಿಸಿ ಗೊತ್ತಿದ್ದವಳು ನಾನು. ಸುಮ್ಮನೆ ಕೈಕಟ್ಟಿ ಕೂರುವುದು ಹೇಗೆಂದು ಗೊತ್ತಾಗಲಿಲ್ಲ.

ಸಂಜೆ ಕ್ಯಾಂಟೀನಿನಿಂದ ತಂದ ಎರಡು ಇಡ್ಲಿಯನ್ನು ಅವರಿಗೆ ಕಾಣದಂತೆ ವರಾಂಡದಲ್ಲಿ ನಿಂತು ತಿಂದೆ. ಅವರು ಏನೂ ತಿನ್ನಲಿಲ್ಲ. ನಾನು ಒಳಗೆ ಬರುವಷ್ಟರಲ್ಲಿ ನೋವು ಇಳಿದು ಅವರು ನಿದ್ದೆ ಹೋಗಿದ್ದರು.