ಹಿಡಿಕೆಯಲ್ಲದ ಕಬ್ಬಿಣ

ನಮ್ಮ ಕಾಕಾನ ಜೀಪಿನ ತಳವನ್ನು ಮಿಸ್ತ್ರಿ ಉಳಿ ಹಾಕಿ ಎಬ್ಬಿಸಿದ ದಿನ ನಾನು ಮೂಗಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದೆ. ಮನುಷ್ಯ ಒಂದು ವಾಹನದೊಳಗೆ ಇಷ್ಟು ಹೊಲಸನ್ನು ಇಷ್ಟು ಶ್ರದ್ಧೆಯಿಂದ ಕೂಡಿಡಬಲ್ಲ ಎಂದು ನನಗೆ ಅಂದೇ ತಿಳಿದದ್ದು. ಮೇಲಿನ ಪದರ ಭಂಡಾರದ್ದು. ಚಿಂಚಲಿ ಜಾತ್ರೆಗೆ ಹೋಗಿಬಂದವರೆಲ್ಲ ಮೈಮೇಲಿಂದ ಕೊಡವಿದ ಅರಿಶಿನ ಮಳೆನೀರಿಗೆ ನೆನೆದು ಹುಳಿ ಹಿಡಿದ ಹಿಟ್ಟಾಗಿತ್ತು. ಅದರ ಕೆಳಗೆ ನಿಪ್ಪಾಣಿ ಪೇಟೆಗೆ ಹೇರಿದ ತಂಬಾಕಿನ ಪುಡಿ. ಇನ್ನೂ ಕೆಳಗೆ ಕಬ್ಬಿನ ಸಿಪ್ಪೆ, ಗುಟಖಾ ಚೀಟಿ, ಇಲಿಗಳ ಗೂಡು. ಇಲಿಗಳು ಕಾಲವಾಗಿ ಬಹಳ ದಿನವಾಗಿತ್ತು, ವಾಸನೆ ಮಾತ್ರ ಜೀವಂತವಾಗಿತ್ತು. ಎಲ್ಲಕ್ಕೂ ಕೆಳಗೆ ಇರಬೇಕಾದ ಕಬ್ಬಿಣವೇ ಇರಲಿಲ್ಲ. ಇಷ್ಟು ವರ್ಷ ನಮ್ಮ ಮನೆತನ ಕಾಲಿಟ್ಟು ಕೂತದ್ದು ಗಟ್ಟಿಯಾದ ಹೊಲಸಿನ ಮೇಲೆ.

ಕಾಕಾ ನಮ್ಮಪ್ಪನ ತಮ್ಮ. ಹಾರೂಗೇರಿ ಹತ್ತಿರ ಕಬ್ಬಿನ ಹೊಲ, ತಗಡಿನ ಟಾಪು ಮತ್ತು ಬಾಗಿಲು ಇರುವ ಈ ಜೀಪು, ನಮ್ಮ ಕಾಕಿ: ಇವು ಮೂರೂ ತನ್ನ ಮಾತು ಕೇಳುತ್ತವೆ ಎಂಬ ನಂಬಿಕೆಯಲ್ಲಿ ಮುದುಕನಾದವನು. ಹೋದ ವರ್ಷ ಅಥಣಿ ರಸ್ತೆಯ ಒಂದು ತಿರುವಿನಲ್ಲಿ ಎಡಗಡೆಯ ಬಾಗಿಲು ತಾನೇ ತೆರೆದುಕೊಂಡು, ಕಾಕಿ ರಸ್ತೆಬದಿಯ ರವದಿಯ ಗುಂಪಿಯ ಮೇಲೆ ಹೋಗಿ ಬಿದ್ದಳು. ಒಣಗಿದ ಕಬ್ಬಿನ ಎಲೆ ಮೆತ್ತಗಿದ್ದದ್ದರಿಂದ ಎಲುಬಿಗೆ ಏನೂ ಆಗಲಿಲ್ಲ. ಆದರೆ ಕಾಕಾ ಪಕ್ಕದ ಖಾಲಿ ಸೀಟಿಗೆ ಕಬ್ಬಿನ ದರದ ವಿಷಯ ಹೇಳುತ್ತ ಮುಂದಿನ ಸೇತುವೆಯವರೆಗೂ ಹೋಗಿದ್ದ. ಆ ಅಪರಾಧಕ್ಕೆ ಕ್ಷಮೆ ಇರಲಿಲ್ಲ.

“ಆ ಬಾಗಲಾ ಗಟ್ಟಿ ಮುಚ್ಚಿದ ದಿನಾ ಕೂಡ್ತೇನಿ,” ಎಂದಳು ಕಾಕಿ. “ಅಲ್ಲೀತನಕಾ ನೀವೊಬ್ಬರ ಮಾತಾಡ್ಕೋತ ಹೋಗ್ರಿ.”

ಅಂದಿನಿಂದ ಕಾಕಿ ಬಸ್ಸಿಗೆ ಹೋಗುತ್ತಿದ್ದಳು. ಕಾಕಾ ಜೀಪಿನಲ್ಲಿ ಬಸ್ಸಿನ ಹಿಂದೆ ಹೋಗುತ್ತಿದ್ದ. ಊರಿನವರು ನಗುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಬೋರಗಾಂವದಲ್ಲಿ ಕಾಕಿಯ ತಂಗಿಯ ಹೊಸ ಮನೆಯ ವಾಸ್ತುಶಾಂತಿ ಇತ್ತು. ಅಷ್ಟರೊಳಗೆ ಬಾಗಿಲು ಸರಿಮಾಡಿಸಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋಗಬೇಕೆಂದು ಕಾಕಾ ಪಣ ತೊಟ್ಟ. ಪಣ ತೊಟ್ಟವರು ಒಬ್ಬರೇ ಗ್ಯಾರೇಜಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಹೀಗಾಗಿ ನಾನೂ ಹೋದೆ.

ಮಿಸ್ತ್ರಿ ಹೇಳಿದ್ದು ಇಷ್ಟು. ಬಾಗಿಲಿನದೇನೂ ತಪ್ಪಿಲ್ಲ. ತಳ ಕೊಳೆತು, ಅದರ ಕೆಳಗೆ ಇಡೀ ಗಾಡಿಯ ಭಾರ ಹೊರುವ ಚೌಕಟ್ಟು, ಅಂದರೆ ಚಾಸಿ, ಸೀಳು ಬಿಟ್ಟು, ಬಾಗಿಲ ಎರಡೂ ಕಡೆಯ ಕಂಬಗಳು ಒಂದರಿಂದೊಂದು ದೂರ ಸರಿದಿವೆ. ಬಾಡಿಯನ್ನು ಪೂರ್ತಿ ಮೇಲೆತ್ತಿ ಇಳಿಸಿ, ಚಾಸಿ ಬೆಸೆದು, ಹೊಸ ತಳ ಕೂರಿಸಬೇಕು. ಆದರೆ ತಳವಿಲ್ಲದ ಬಾಡಿ ಎಂದರೆ ತಳ ಹರಿದ ರಟ್ಟಿನ ಪೆಟ್ಟಿಗೆ; ಹಾಗೇ ಎತ್ತಿದರೆ ಬಾಗಿಲಿನ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಅದಕ್ಕೆ ಮೊದಲು ಬಾಗಿಲು ಸರಿಯಾಗಿ ಮುಚ್ಚುವಂತೆ ಕಂಬಗಳನ್ನು ಎಳೆದು ತಂದು, ಒಳಗಡೆಯಿಂದ ಕಂಬಕ್ಕೆ ಕಂಬ ಸೇರಿಸಿ ಕಬ್ಬಿಣದ ಪಟ್ಟಿಗಳನ್ನು ಬೆಸೆಯಬೇಕು. ಅವಕ್ಕೆ ಸಪೋರ್ಟ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಕತ್ತರಿಸಿ ಬಿಸಾಡುವ ಕಬ್ಬಿಣ ಅದು.

ಮಿಸ್ತ್ರಿ ಹಾಗೆಯೇ ಮಾಡಿದ. ಒಂದು ಬೆಸುಗೆ ಹಾಕಿ ಒಮ್ಮೆ ಉಗುಳುತ್ತಿದ್ದ, ಬೆಸುಗೆ ಸರಿಯಾಗಿ ಕೂತಿದೆಯೋ ಎಂದು ಬಗ್ಗಿ ನೋಡಿ ಇನ್ನೊಮ್ಮೆ ಉಗುಳುತ್ತಿದ್ದ. ಸಂಜೆಯ ಹೊತ್ತಿಗೆ ಗ್ಯಾರೇಜಿನ ನೆಲದಲ್ಲಿ ಚಪ್ಪಲಿ ಊರಲು ಒಣಗಿದ ಜಾಗ ಹುಡುಕಬೇಕಾಯಿತು. ಆದರೂ ನ್ಯಾಯ ಹೇಳಬೇಕೆಂದರೆ, ಬಾಗಿಲು ಮುಚ್ಚಿತು. ಠಪ್ ಎಂದು ಒಂದೇ ಸದ್ದು. ಕಾಕಾ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ಮನೆಗೆ ಫೋನು ಹಚ್ಚಿ, ಮೊಬೈಲನ್ನು ಬಾಗಿಲಿಗೆ ಹಿಡಿದು ಕಾಕಿಗೆ ಆ ಸದ್ದು ಕೇಳಿಸಿದ. ಫೋನಿನಲ್ಲಿ ಏನೂ ತಿಳಿಯುವುದಿಲ್ಲ, ಮನೆಗೆ ತಂದ ಮೇಲೆ ನೋಡೋಣ ಎಂದಳಂತೆ. ಅಷ್ಟಕ್ಕೇ ಕಾಕಾನ ಮುಖ ಅರಳಿತ್ತು.

ಬಾಡಿ ಎತ್ತುವುದು ಶುಕ್ರವಾರ ಎಂದಾಯಿತು. ಅಡಿಯಲ್ಲಿ ಎರಡು ದಪ್ಪ ಬೊಂಬು ತೂರಿಸಿ, ಬೊಂಬಿಗೆ ಹೆಗಲು ಕೊಟ್ಟು ಎತ್ತಬೇಕು, ತಾನು ನಮಾಜು ಮುಗಿಸಿ ಬರುವತನಕ ಯಾರೂ ಕೈ ಹಚ್ಚಬಾರದು ಎಂದು ಅಂದು ಮಿಸ್ತ್ರಿ ಹೇಳಿ ಹೋದ. ಅವನು ಅತ್ತ ಹೋದ, ಇತ್ತ ಕಾಕಾನ ಅಳಿಯ ಬಂದ.

ಈ ಅಳಿಯ ಕಾಗವಾಡ ಕಡೆಯವನು, ದ್ರಾಕ್ಷಿ ತೋಟದವನು. ನಮ್ಮ ಕಡೆ ಅಳಿಯ ಎಂದರೆ ಒಬ್ಬ ಮನುಷ್ಯನಲ್ಲ, ಒಂದು ಹಬ್ಬ. ಬಂದಾಗ ಎಲ್ಲರೂ ಏಳಬೇಕು, ಹೋದಾಗ ಎಲ್ಲರೂ ಉಸಿರು ಬಿಡಬೇಕು, ನಡುವೆ ಅವನು ಅಂದದ್ದಕ್ಕೆಲ್ಲ ಹೌದ್ರಿ ಎನ್ನಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತೋಟದ ಆಳುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಮಾವನಿಗೆ ನೆರವಾಗಲು ಅವನು ದಯಮಾಡಿಸಿದ್ದ. ಮಿಸ್ತ್ರಿಗಾಗಿ ಕಾಯುತ್ತಿದ್ದೇವೆಂದು ಕೇಳಿ ಅವನಿಗೆ ಬಹಳ ನಗು ಬಂತು.

“ಇಷ್ಟ್ ಮಂದಿ ಅದೀವಿ. ಒಂದ್ ಡಬ್ಬಿ ಎತ್ತಾಕ ಪಂಚಾಂಗ ನೋಡ್ಬೇಕೇನ್ರಿ ಮಾವಾರ?”

ಕಾಕಾ ನನ್ನ ಮುಖ ನೋಡಿದ, ಬೊಂಬಿನ ಕಡೆ ಕೈ ಮಾಡಿದ. ಅಳಿಯ ಬೊಂಬನ್ನು ಕಾಲಿನಿಂದ ಸರಿಸಿದ. ಅವನ ಕಣ್ಣು ಸಪೋರ್ಟಿನ ಮೇಲೆ ಬಿದ್ದಿತ್ತು. ಹಿಡಿಯಲು ಇಷ್ಟು ಚೆಂದ ಪಟ್ಟಿ ಹಾಕಿಟ್ಟಿರುವಾಗ ಬೊಂಬು ಯಾಕೆ ಎಂದು ತನ್ನ ಆಳುಗಳನ್ನು ಅಲ್ಲಿಯೇ ನಿಲ್ಲಿಸಿದ.

“ಅವು ಹಿಡಕಿ ಅಲ್ಲರಿ,” ಎಂದೆ ನಾನು. “ಬಾಡಿ ಮಡಚಬಾರ್ದಂತ ಹಾಕಿದ ಸಪೋರ್ಟ್ ಅವು.”

“ಕೈಯಾಗ ಬರ್ತಾವಂದ್ರ ಹಿಡಕಿನ ಅಲ್ಲೇನ್ರಿ?”

ಇದಕ್ಕೆ ಉತ್ತರವಿತ್ತು. ಆದರೆ ಆ ಉತ್ತರವನ್ನು ಅಳಿಯನಿಗೆ ಕೊಡುವ ಹಕ್ಕು ಮಾವನಿಗೆ ಸೇರಿದ್ದು, ಮಾವ ಹೌದ್ರಿ ಎಂದುಬಿಟ್ಟಿದ್ದ. ಒಬ್ಬ ಆಳು ಮೊಬೈಲಿನಲ್ಲಿ ವಿಡಿಯೋ ಹಚ್ಚಿದ. ಅಳಿಯ ನಡುವಿನ ಪಟ್ಟಿಯನ್ನು ಎರಡು ಬೆರಳಿನಿಂದ ಮುಟ್ಟಿದ, ಅಂಗಿ ಹೊಲಸಾಗದಷ್ಟೇ. ಹೋ ಎಂದು ಎಲ್ಲರೂ ಎಳೆದರು. ಬಾಡಿ ಚಾಸಿ ಬಿಟ್ಟು ಮೇಲೆದ್ದಿತು. ಇಡೀ ಜೀಪಿನ ಭಾರ ಆ ಪಟ್ಟಿಗಳ ನಡುವಿಗೆ ಜೋತುಬಿತ್ತು. ಮೊದಲು ಬೆಸುಗೆಗಳು ಬಿಟ್ಟವು, ಆಮೇಲೆ ಬೆಸುಗೆ ಹಿಡಿದಿದ್ದ ತಗಡು ಹಳೆಯ ಗೋಣಿಚೀಲದಂತೆ ಪರ್ರೆಂದು ಹರಿಯಿತು. ಬಾಡಿ ಬಾಗಿಲಿನ ಜಾಗದಲ್ಲಿ ಬಿಸಿ ರೊಟ್ಟಿ ಮಡಚಿದ ಹಾಗೆ ಮಡಚಿ ಕೂತಿತು. ಮೂಲೆಗಳಲ್ಲಿ ಒಣಗಿ ಉಳಿದಿದ್ದ ಭಂಡಾರವೆಲ್ಲ ಎದ್ದು ಅಳಿಯನ ಬಿಳಿ ಅಂಗಿಯ ಮೇಲೆ ಇಳಿಯಿತು. ಆ ದಿನ ನನಗೆ ಸಿಕ್ಕ ಸಮಾಧಾನ ಅದೊಂದೇ.

ಮಿಸ್ತ್ರಿ ತಲೆಗೆ ಟೋಪಿ ಇದ್ದ ಹಾಗೆಯೇ ಬಂದು ನಿಂತ. ಉಗುಳಲಿಲ್ಲ. “ಯಾರ್ ಎತ್ತಿದವರು?” ಎಂದು ಕೇಳಿದ.

ಆಳುಗಳು ಟ್ರ್ಯಾಕ್ಟರಿನ ಕಡೆ ನೋಡಿದರು. ಅಳಿಯ ಅಂಗಿ ಕೊಡವುತ್ತಿದ್ದ.

“ನಾನ ಎತ್ತಿಸಿದೆ,” ಎಂದ ಕಾಕಾ.

ಅಳಿಯನ ಮರ್ಯಾದೆ ಕಾಯಲು ಹೇಳಿದ ಸುಳ್ಳು ಅದು; ಮಗಳನ್ನು ಕೊಟ್ಟ ಮೇಲೆ ಇಂಥವನ್ನೂ ಕೊಡಬೇಕಾಗುತ್ತದೆ. ಅದನ್ನು ಕೇಳಿ ಅಳಿಯ ತಲೆ ತಗ್ಗಿಸುತ್ತಾನೆಂದು ಎಣಿಸಿದ ನನ್ನ ಮೂರ್ಖತನಕ್ಕೆ ಏನೆನ್ನಲಿ? ಅವನು ಆ ಸುಳ್ಳನ್ನು ನಿಜವೆಂದೇ ನಂಬಿ, ಮಾವನ ಹೆಗಲ ಮೇಲೆ ಕೈಯಿಟ್ಟ.

“ವಯಸ್ಸಾದ ಮ್ಯಾಲ ಇಷ್ಟ್ ಅವಸರ ಮಾಡಬಾರ್ದ್ರಿ ಮಾವಾರ. ಮಿಸ್ತ್ರಿ ಬರೂತನಾ ಕಾಯಬೇಕಿತ್ತು.”

ಆ ಮಧ್ಯಾಹ್ನ ಅವನಿಗೆ ಹೋಳಿಗೆಯ ಊಟವಾಯಿತು. ತುಪ್ಪ ಸಾಕು ಎನ್ನುವವರೆಗೂ ಬಡಿಸಿದರು. ಅವನು ಬೇಗ ಸಾಕು ಎನ್ನುವವನಲ್ಲ. ಕಾಕಿಗೆ ಯಾರೂ ಏನೂ ಹೇಳಲಿಲ್ಲ, ಆದರೆ ಅರಿಶಿನದ ಅಂಗಿ ಒಗೆಯಲು ಅವಳ ಕೈಗೇ ಬಂದಿತ್ತು.

ಮಿಸ್ತ್ರಿ ಮುಂದೆ ಮಾಡಬೇಕಾದದ್ದನ್ನೆಲ್ಲ ಮಾಡಿದ. ಚಾಸಿ ಗಟ್ಟಿಯಾಯಿತು, ಹೊಸ ತಳ ಬಂತು, ಬಣ್ಣವೂ ಬಂತು. ಬಾಗಿಲು ಮಾತ್ರ ಕೂಡಲಿಲ್ಲ. ಒಮ್ಮೆ ಮಡಚಿದ ಕಂಬ ಎಷ್ಟು ಬಡಿದರೂ ತನ್ನ ಜಾಗಕ್ಕೆ ಬರಲಿಲ್ಲ. ಎರಡು ಬೆರಳು ಸಂದು ಉಳಿಯಿತು. ಅದಕ್ಕೆ ನೈಲಾನ್ ಹಗ್ಗ ಬಿಗಿದು ಕಾಕಾ ಜೀಪನ್ನು ಮನೆಗೆ ತಂದ.

ವಾಸ್ತುಶಾಂತಿಯ ಬೆಳಿಗ್ಗೆ ಕಾಕಿ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಕಾಕಾ ಸ್ಟೇರಿಂಗಿನ ಹಿಂದೆ ಗಡ್ಡ ಮಾಡಿಕೊಂಡ ಮುಖದಲ್ಲಿ ಕೂತಿದ್ದ. ಅವಳು ಬಾಗಿಲಿಗೆ ಕೈ ಹಚ್ಚಿದಳು, ಹಗ್ಗ ನೋಡಿದಳು, ಕಾಕಾನ ಮುಖ ನೋಡಿದಳು. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅಳಿಯ ಹೊಸ ಕಾರು ತಂದು ನಿಲ್ಲಿಸಿ, ತಾನೇ ಇಳಿದು, ಮುಂದಿನ ಬಾಗಿಲು ತೆರೆದು ಹಿಡಿದ.

“ಬರ್ರಿ ಅತ್ತಿ. ಆ ಡಬ್ಬಿನ್ಯಾಗ ಯಾಕ್ ಕೂಡ್ತೀರಿ?”

ಅಳಿಯ ಕರೆದ ಮೇಲೆ ಇಲ್ಲ ಎನ್ನುವಂತಿಲ್ಲ. ಕಾಕಿ ಹೋಗಿ ಕೂತಳು.

ಹಿಂದೆ ಜೀಪಿನಲ್ಲಿ ನಾವಿಬ್ಬರು. ಹಗ್ಗ ಸಡಿಲವಾಗಿ, ಬೋರಗಾಂವದವರೆಗೂ ನಾನು ಬಾಗಿಲನ್ನು ಕೈಯಲ್ಲಿ ಎಳೆದು ಹಿಡಿದಿದ್ದೆ. ಕಾರಿನ ಧೂಳೆಲ್ಲ ಆ ಎರಡು ಬೆರಳ ಸಂದಿಯಿಂದಲೇ ಒಳಗೆ ಬಂದು ಬಾಯಿ ತುಂಬುತ್ತಿತ್ತು. ಕಾಕಾ ದಾರಿಯುದ್ದಕ್ಕೂ ಕಬ್ಬಿನ ದರದ ಮಾತೆತ್ತಲಿಲ್ಲ. ಅರ್ಧ ದಾರಿ ದಾಟಿದ ಮೇಲೆ ಒಮ್ಮೆ ಮಾತ್ರ, ಮುಂದಿನ ಕಾರಿನಿಂದ ಕಣ್ಣು ತೆಗೆಯದೆ ಹೇಳಿದ:

“ಅವರ ಗಾಡಿ ಬಾಗಲಾ ಸಪ್ಪಳ ಸುದ್ದಾ ಮಾಡ್ಲಿಲ್ಲ, ನೋಡಿದೇನು?”