ಕದಡಿದ ನೀರು

ಶಾಂತಕ್ಕ, ನಿಮ್ಮ ಸೊಸೆ ರೇಣುಕಾಳ ತಪ್ಪೇನೂ ಇರಲಿಲ್ಲ. ನಿಮಗೆ ಸುಳ್ಳು ಹೇಳಿದವಳು ನಾನು.

ಜೀಡಿಮೆಟ್ಲಾದ ಕಾರ್ಖಾನೆಗಳ ಕೆಳಗೆ, ನಿಮ್ಮ ಓಣಿಯ ಪಕ್ಕದಲ್ಲಿ ಹರಿಯುವ ನಾಲಾದ ನೀರು ಪರೀಕ್ಷಿಸುವುದು ಆಗ ನನ್ನ ಕೆಲಸ. ಬೇಸಿಗೆಯಲ್ಲಿ ಹೋಗಿ ಮೇಲಿನ ತಿಳಿನೀರನ್ನು ಬಾಟಲಿಗೆ ತುಂಬಿಕೊಂಡು ಬರುತ್ತಿದ್ದೆ. ಫಲಿತಾಂಶ ಚೆನ್ನಾಗಿಯೇ ಇರುತ್ತಿತ್ತು. ವರ್ಷಗಟ್ಟಲೆ ಹರಿದುಬಂದ ವಿಷ ತಳದ ಕಪ್ಪು ಕೆಸರಿನಲ್ಲಿ ಕೂತಿದೆ, ಜೋರು ಮಳೆ ಬಂದರೆ ಅದು ಕದಡಿ ಮೇಲೆದ್ದು ಕೆಳಗಿನವರ ಬಾಗಿಲಿಗೆ ಬರುತ್ತದೆ — ಇದೆಲ್ಲ ನನಗೆ ಗೊತ್ತಿತ್ತು.

ಆ ವರ್ಷ ಮೊದಲ ದೊಡ್ಡ ಮಳೆಯ ಮರುದಿನ, ಯಾರೂ ಹೇಳದೆಯೇ ಹೋಗಿ ಒಂದು ಬಾಟಲಿ ನೀರು ತಂದೆ. ಪರೀಕ್ಷೆಯಲ್ಲಿ ಸೀಸ ಕಂಡಿತು — ಇರಬಾರದಷ್ಟು. ಮಳೆಯ ದಿನದ ನೀರು ಲೆಕ್ಕಕ್ಕಿಲ್ಲ ಎಂದು ಮೇಲಧಿಕಾರಿ ತೆಲುಗಿನಲ್ಲಿ ಹೇಳಿ ಎದ್ದುಹೋದರು. ನಾನು ಬಾಟಲಿಯನ್ನು ಸಿಂಕಿಗೆ ಸುರಿದೆ. ಬಡ್ತಿ ಹತ್ತಿರದಲ್ಲಿತ್ತು... ಇರಲಿ, ಅದನ್ನು ನೆಪವಾಗಿ ಮುಂದಿಡಲಾರೆ.

ಸಂಜೆ ನೀವು ಹಾಲು ಕೊಡಲು ಬಂದಿರಿ.

"ಬಾಯಾರ, ನಾಲಾ ತುಂಬಿ ಹರಿಯಾಕತ್ತೈತ್ರಿ. ಎಮ್ಮಿ ಆ ನೀರು ಕುಡದ್ರ ನಡಿತೈತೇನ್ರಿ?"

"ನಡಿತೈತಿ ಶಾಂತಕ್ಕ. ನಾವು ಪರೀಕ್ಷಾ ಮಾಡೀವಲ್ಲ."

ನೀವು ನಂಬಿದಿರಿ. ಆ ತಿಂಗಳೊಳಗೆ ನಿಮ್ಮ ಗಬ್ಬದ ಎಮ್ಮೆಗೆ ಕಣ್ಣು ಕಾಣದಾಯಿತು. ಗೋಡೆಗೆ ತಲೆಯೊತ್ತಿ ನಿಂತು ನಿಂತು ಸತ್ತಿತು. ಸೊಸೆಯೇ ಕೆಟ್ಟ ಹಿಂಡಿ ಹಾಕಿ ಕೊಂದಳೆಂದು ನೀವು ಓಣಿಯವರ ಮುಂದೆ ಕೂಗಿದಿರಿ.

"ನಾ ಹಾಕಿಲ್ರಿ ಅತ್ತಿ, ದೇವರಾಣಿ!"

ಅಳುತ್ತ ಆಕೆ, ಆ ಗುಂಪಿನಲ್ಲಿ ನಿಂತಿದ್ದ ನನ್ನ ಕಡೆಗೂ ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ. ಬೀದರಿನ ತವರಿಗೆ ಹೋದವಳು ಮರಳಲಿಲ್ಲ. ನಿಮ್ಮ ಮಗ ಇಂದಿಗೂ ನಿಮ್ಮೊಡನೆ ನೆಟ್ಟಗೆ ಮಾತಾಡುವುದಿಲ್ಲ.

ಎಮ್ಮೆ ಆ ನೀರಿನಿಂದಲೇ ಸತ್ತಿತೆಂದು ತೋರಿಸಲು ಈಗ ಏನೂ ಉಳಿದಿಲ್ಲ — ಉಳಿಯದಂತೆ ಮಾಡಿದವಳೂ ನಾನೇ. ಆದರೆ ಕುರುಡು, ಆ ತಲೆಯೊತ್ತುವುದು... ಸೀಸ ಹೊಟ್ಟೆಗೆ ಹೋದರೆ ಹೀಗೇ ಎಂದು ಅಂದೇ ಹೊಳೆದಿತ್ತು. ಹೊಳೆದೂ ಸುಮ್ಮನಿದ್ದೆ.

ಕಳೆದ ವಾರ ಬೀದರಿಗೆ ಹೋಗಿ ರೇಣುಕಾಳಿಗೆ ಎಲ್ಲ ಹೇಳಿದೆ. ಹೊಸ್ತಿಲಲ್ಲೇ ನಿಂತು ಕೇಳಿದಳು. "ಅವತ್ತ ಒಂದ ಮಾತ ಹೇಳಬೇಕಿತ್ರಿ ನೀವು" ಎಂದು ಬಾಗಿಲು ಮುಚ್ಚಿದಳು.

ನಾಳೆ ನಿಮ್ಮ ಓಣಿಗೆ ಬರುತ್ತೇನೆ, ಶಾಂತಕ್ಕ. ಅಂದು ಸೇರಿದ್ದವರನ್ನು ಕರೆಯಿರಿ. ನೀವು ಕರೆಯದಿದ್ದರೆ ನಾನೇ ಮನೆಮನೆಗೆ ಹೋಗಿ ಕರೆಯುತ್ತೇನೆ. ಅವಳ ಮೇಲೆ ಬಿದ್ದ ಮಾತನ್ನು ಎಲ್ಲರೆದುರು ನನ್ನ ಮೇಲೆ ಹಾಕಿಕೊಳ್ಳುತ್ತೇನೆ — ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ. ತಿಳಿಯಲಿಲ್ಲ ಎಂದು ಒಬ್ಬರೂ ಎದ್ದುಹೋಗಬಾರದು.