ಹಲಸಿನ ಮೇಣ ಮೆತ್ತಿದ ಬೆಕ್ಕು

ಈ ಕಥೆಯನ್ನು ಮೊದಲು ಹೇಳಿದವರು ನನ್ನ ದೊಡ್ಡಮ್ಮ, ಬಾಳೂರಿನ ಮನೆಯಲ್ಲಿ ಹಲಸು ಕೊಯ್ಯಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದ ಒಂದು ಮಧ್ಯಾಹ್ನ. ಮಕ್ಕಳಾದ ನಾವು ತೊಳೆಗಾಗಿ ಸುತ್ತ ಕೂತಿದ್ದೆವು. ಅಜ್ಜ ಕೇಳಿಸದವರಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ದೊಡ್ಡಮ್ಮ ಹೊಸ ಸೊಸೆಯಾಗಿದ್ದಾಗ ಮನೆಯ ಬೆಕ್ಕು ಹಲಸು ಕೊಯ್ದ ಗೋಣಿಯ ಮೇಲೆ ಮಲಗಿತ್ತಂತೆ. ಹೊಟ್ಟೆಯ ರೋಮವೆಲ್ಲ ಮೇಣಕ್ಕೆ ಗಂಟುಗಟ್ಟಿತು.

"ಸೀಮೆಎಣ್ಣೆ ಹಾಕಿ ಉಜ್ಜು, ಇಲ್ಲಾಂದ್ರೆ ಚೀಲಕ್ಕೆ ತುಂಬಿ ಹೊಳೆಯಾಚೆ ಬಿಡಿಸ್ತೀನಿ" ಎಂದರು ಅಜ್ಜ.

"ಸೀಮೆಎಣ್ಣೆ ನೆಕ್ಕಿದ್ರೆ ಸಾಯ್ತದೆ ಮಾವಯ್ಯ. ಹೊಳೆಯಾಚೆಗೂ ಕಳಿಸಲ್ಲ."

"ಈ ಮನೇಲಿ ಯಜಮಾನ ಯಾರು?"

"ನೀವೇ. ಆದ್ರೆ ಬೆಕ್ಕು ನನ್ನ ಮಡಿಲಲ್ಲಿದೆ."

ದೊಡ್ಡಮ್ಮ ಗಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಲು ಬಿಟ್ಟರು. ಚರ್ಮ ಎಳೆಯದಂತೆ ರೋಮದ ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಬೆಕ್ಕು ಸಿಡುಕಿದಾಗ ನಿಲ್ಲಿಸಿದರು. ಕತ್ತರಿ ಮುಟ್ಟಲಿಲ್ಲ, ಗಂಟಿನ ಜೊತೆ ತೆಳು ಚರ್ಮವೂ ಮೇಲೆದ್ದು ಬಂದು ಕತ್ತರಿಗೆ ಸಿಗುತ್ತದೆ. ಅವತ್ತು ಸಂಜೆಯ ಕಾಫಿಯನ್ನು ಅಜ್ಜನೇ ಮಾಡಿಕೊಂಡರು.

"ಸಕ್ಕರೆ ಮರ್ತಿದ್ರು" ಎಂದು ದೊಡ್ಡಮ್ಮ ಕಥೆ ಮುಗಿಸಿ ನಕ್ಕಾಗ ಅಜ್ಜ, "ಸುಮ್ನಿರು ಮಾರಾಯ್ತಿ" ಎಂದರು.

ನಿನ್ನೆ ನಮ್ಮ ಬೆಕ್ಕೂ ಹೀಗೇ ಮೇಣ ಮೆತ್ತಿಕೊಂಡು ಬಂತು. ನಮ್ಮ ಯಜಮಾನರು ಕತ್ತರಿ ಹುಡುಕಲು ಹೊರಟರು. ನಾನು ಮಕ್ಕಳಿಗೆ ಈ ಕಥೆ ಹೇಳಿದೆ. ಇವತ್ತು ಬೆಳಿಗ್ಗೆ ಮಕ್ಕಳಿಬ್ಬರೂ ಎಣ್ಣೆ ಬಟ್ಟಲು ಹಿಡಿದು, ಬೆಕ್ಕನ್ನು ನಡುವೆ ಕೂರಿಸಿಕೊಂಡು ಮೆಟ್ಟಿಲ ಮೇಲಿದ್ದರು. ಶಾಲೆಯ ಜೀಪು ಬಂದು ಹಾರ್ನ್ ಹೊಡೆಯಿತು.

"ಇನ್ನೂ ಒಂದು ಗಂಟಿದೆ, ನೀವು ಹೋಗಿ!" ಎಂದು ಮಗಳು ಅಲ್ಲಿಂದಲೇ ಕೂಗಿದಳು.